ಕಥೆಯಲ್ಲಿ ತೂತಿದೆ, ಸಿನಿಮಾ ಚೆನ್ನಾಗಿದೆ: ಎರಡೂ ಒಟ್ಟಿಗೆ ಸಾಧ್ಯವಾ?

ಜಗಳ ಶುರುವಾಗಿದ್ದು 2012ರ ‘ಲೂಪರ್’ ಸಿನಿಮಾದಿಂದ. ನೋಡಿದ್ದು ಅಕ್ಕ, ತಮ್ಮ ಇಬ್ಬರೂ. ಮೆಚ್ಚಿದ್ದು ಒಬ್ಬರೇ. ಕ್ಲೈಮ್ಯಾಕ್ಸ್ ಸಮೇತ ಎಲ್ಲವನ್ನೂ ಇಲ್ಲಿ ಬಿಚ್ಚಿಟ್ಟಿದ್ದೇವೆ. ಇನ್ನೂ ನೋಡಿಲ್ಲದವರು ಸಿನಿಮಾ ಮುಗಿಸಿಕೊಂಡೇ ಬನ್ನಿ.

ಪರ: ತಮ್ಮ ಬರೆದದ್ದು

ಮೊದಲು ಕಥೆ ಹೇಳಿಬಿಡುತ್ತೇನೆ. 2044ನೇ ಇಸವಿ, ಅಮೆರಿಕದ ಕ್ಯಾನ್ಸಸ್. ಟೈಮ್ ಮೆಷಿನ್ ಇನ್ನೂ ಬಂದಿಲ್ಲ. ಇನ್ನು 30 ವರ್ಷಕ್ಕೆ ಬರುತ್ತದೆ. ಬಂದ ಕೂಡಲೇ ಸರ್ಕಾರ ನಿಷೇಧ ಹಾಕುತ್ತದೆ, ಆಮೇಲೆ ಅದು ರೌಡಿಗಳ ಕೈಯಲ್ಲಿ ಮಾತ್ರ ಕದ್ದುಮುಚ್ಚಿ ಓಡುತ್ತದೆ. ಆ ಕಾಲದಲ್ಲಿ ಕೊಲೆ ಮಾಡಿ ಹೆಣ ಬಚ್ಚಿಡೋದು ಆಗದ ಮಾತು. ಅದಕ್ಕೇ ಮುಗಿಸಬೇಕಾದವನ ಕೈ ಕಟ್ಟಿ, ಮುಖಕ್ಕೆ ಚೀಲ ಹಾಕಿ, ಬೆನ್ನಿಗೆ ಬೆಳ್ಳಿ ಗಟ್ಟಿ ಬಿಗಿದು 30 ವರ್ಷ ಹಿಂದಕ್ಕೆ ತಳ್ಳಿಬಿಡುತ್ತಾರೆ. ಇಲ್ಲಿ ಹೊಲದ ಅಂಚಿನಲ್ಲಿ ಒಬ್ಬ ಗಡಿಯಾರ ನೋಡುತ್ತಾ ಬಂದೂಕು ಹಿಡಿದು ಕಾಯುತ್ತಿರುತ್ತಾನೆ. ಬಂದವನು ಕಂಡ ತಕ್ಷಣ ಗುಂಡು. ಬೆಳ್ಳಿ ಅವನ ಕೂಲಿ. ಇಂಥವನೇ ಲೂಪರ್.

ಒಂದು ದಿನ ಬೆನ್ನಲ್ಲಿ ಬೆಳ್ಳಿಯ ಬದಲು ಚಿನ್ನ ಸಿಗುತ್ತದೆ. ಅಂದರೆ ಈಗ ಕೊಂದದ್ದು ತನ್ನನ್ನೇ, 30 ವರ್ಷ ಆದಮೇಲಿನ ತನ್ನನ್ನು. ಲೆಕ್ಕ ಚುಕ್ತಾ. ಚಿನ್ನ ತಗೊಂಡು ಉಳಿದ 30 ವರ್ಷ ಮಜವಾಗಿರು, ಆಮೇಲೆ ನಿನ್ನ ಸರದಿ. ಜೋ ಅನ್ನುವ ಲೂಪರ್‌ಗೂ ಆ ದಿನ ಬರುತ್ತದೆ. ಆದರೆ ಬಂದ ಮುದುಕ ಜೋ ಕೈಗೆ ಸಿಗದೆ ಓಡಿಹೋಗುತ್ತಾನೆ. ಹುಡುಗ ಜೋ ಆಗಿ ಜೋಸೆಫ್ ಗಾರ್ಡನ್-ಲೆವಿಟ್, ಮುದುಕ ಜೋ ಆಗಿ ಬ್ರೂಸ್ ವಿಲ್ಲಿಸ್. ಬರೆದು ನಿರ್ದೇಶಿಸಿದವರು ರಿಯಾನ್ ಜಾನ್ಸನ್.

ಇಷ್ಟು ಹೇಳುವಷ್ಟರಲ್ಲೇ ಅಕ್ಕ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿರುತ್ತಾಳೆ. ಅವಳು ಕೇಳೋದೂ ಸರಿಯೇ. ಅವನನ್ನು ಅವನ ಕೈಯಲ್ಲೇ ಯಾಕೆ ಕೊಲ್ಲಿಸಬೇಕು? ಬೇರೆ ಲೂಪರ್ ಹತ್ತಿರ ಕಳಿಸಿದ್ದರೆ ಈ ರಗಳೆಯೇ ಇರಲಿಲ್ಲ. ನಡು ಸಮುದ್ರಕ್ಕೆ ಕಳಿಸಿದ್ದರೆ ಕೂಲಿಯೂ ಉಳಿಯುತ್ತಿತ್ತು. ಹೆಣ ಮುಚ್ಚಿಡಲು ಆಗದ ಕಾಲ ಅಂದರಲ್ಲ, ಮುದುಕ ಜೋನ ಹೆಂಡತಿಯನ್ನು ಅದೇ ಕಾಲದಲ್ಲಿ ಗುಂಡಿಟ್ಟು ಕೊಲ್ಲುತ್ತಾರಲ್ಲ, ಆ ಹೆಣಕ್ಕೆ ಏನು ಮಾಡಿದರು? ಇದ್ಯಾವುದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಬೇಕು ಅಂತ ಸಿನಿಮಾ ನೋಡುವಾಗ ಅನ್ನಿಸಲೂ ಇಲ್ಲ. ಎಲ್ಲರ ಮನೆ ದೋಸೆನೂ ತೂತೇ.

ಯಾಕೆ ಅನ್ನಿಸಲಿಲ್ಲ ಅಂತ ಹೇಳೋಕೆ ಸೇತ್‌ನ ದೃಶ್ಯ ಒಂದು ಸಾಕು.

ಸೇತ್ ಇನ್ನೊಬ್ಬ ಲೂಪರ್, ಜೋನ ಗೆಳೆಯ. ತನ್ನ ಮುದುಕ ರೂಪವನ್ನು ಕೊಲ್ಲಲಾಗದೆ ಬಿಟ್ಟುಬಿಟ್ಟಿದ್ದಾನೆ. ರೌಡಿಗಳು ಹುಡುಗ ಸೇತ್‌ನನ್ನು ಹಿಡಿದಿದ್ದಾರೆ. ಮುದುಕ ಸೇತ್ ಎಲ್ಲೋ ದೂರದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾನೆ. ತೋಳು ನೋಡಿಕೊಳ್ಳುತ್ತಾನೆ. ಚರ್ಮದ ಮೇಲೆ ಅಕ್ಷರ ಮೂಡಿವೆ. ಒಂದು ವಿಳಾಸ, 15 ನಿಮಿಷದಲ್ಲಿ ಬಾ ಅನ್ನುವ ಆಜ್ಞೆ. ಹಸಿ ಗಾಯ ಅಲ್ಲ, ಯಾವತ್ತೋ ಮಾಗಿದ ಕಲೆ. ಆಮೇಲೆ ಕೈ ಎತ್ತಿ ನೋಡಿದರೆ ಒಂದು ಬೆರಳಿಲ್ಲ. ಇನ್ನೊಂದೂ ಇಲ್ಲ. ಮೂಗಿಲ್ಲ. ಗಾಬರಿಯಾಗಿ ಕಾರು ಓಡಿಸಿಕೊಂಡು ಆ ವಿಳಾಸಕ್ಕೇ ಬರುತ್ತಾನೆ. ಬರುವಷ್ಟರಲ್ಲಿ ಪಾದ ಹೋಗಿರುತ್ತದೆ. ಕಾರಿಂದ ಇಳಿದು ಬಾಗಿಲ ತನಕ ತೆವಳುತ್ತಾನೆ. ಒಳಗೆ ಹುಡುಗ ಸೇತ್‌ಗೆ ಏನು ಮಾಡುತ್ತಿದ್ದಾರೆ ಅಂತ ಕ್ಯಾಮೆರಾ ನೆಟ್ಟಗೆ ತೋರಿಸೋದೇ ಇಲ್ಲ. ಮುದುಕನ ಮೈಯಲ್ಲಿ ರಕ್ತವೂ ಇಲ್ಲ, ಯಾಕಂದರೆ ಪ್ರತಿ ಗಾಯವೂ 30 ವರ್ಷ ಹಳೆಯದು.

ಲೆಕ್ಕ ಹಾಕಿ ನೋಡಿದರೆ ಇದು ಶುದ್ಧ ಅಸಂಬದ್ಧ. 30 ವರ್ಷದ ಹಿಂದೆಯೇ ಕಾಲು ಕತ್ತರಿಸಿದ್ದರೆ, ಹತ್ತು ನಿಮಿಷದ ಹಿಂದೆ ಇವನು ಓಡಿದ್ದು ಯಾವ ಕಾಲಲ್ಲಿ? ಕಾಲಿಲ್ಲದ ಮನುಷ್ಯನ 30 ವರ್ಷದ ಬದುಕೇ ಬೇರೆ ಆಗಿರುತ್ತಿತ್ತು. ಆದರೆ ಸೀಟಿನಲ್ಲಿ ಕೂತ ನನ್ನ ಕೈ ತಾನಾಗಿ ನನ್ನ ಬೆರಳುಗಳನ್ನು ಮುಟ್ಟಿ ನೋಡಿಕೊಂಡಿತ್ತು. ಸಿನಿಮಾಕ್ಕೆ ಬೇಕಾಗಿದ್ದು ಅಷ್ಟೇ. ಹುಡುಗನ ಮೈಗೆ ಏನಾದರೂ ಮುದುಕನ ಮೈಯಲ್ಲಿ ಅದು ಕಾಣುತ್ತದೆ ಅನ್ನುವ ನಿಯಮವನ್ನು ಒಂದೇ ಒಂದು ವಿವರಣೆ ಇಲ್ಲದೆ ಕಲಿಸಿಬಿಟ್ಟರು. ಪಾಠ ಇಲ್ಲಿ, ಪರೀಕ್ಷೆ ಕ್ಲೈಮ್ಯಾಕ್ಸ್‌ನಲ್ಲಿ.

ಇನ್ನೊಂದು ದೃಶ್ಯದಲ್ಲಿ ಇಬ್ಬರು ಜೋಗಳೂ ಒಂದು ಹೋಟೆಲ್‌ನಲ್ಲಿ ಎದುರುಬದುರು ಕೂರುತ್ತಾರೆ. ಹುಡುಗ ಟೈಮ್ ಟ್ರಾವೆಲ್ ಬಗ್ಗೆ ಕೇಳೋಕೆ ಹೋಗುತ್ತಾನೆ. ಮುದುಕ ಸಿಡುಕುತ್ತಾನೆ. ಆ ಮಾತಿಗೆ ಕೂತರೆ ಸ್ಟ್ರಾ ಜೋಡಿಸಿ ಚಿತ್ರ ಬಿಡಿಸುವುದರಲ್ಲೇ ದಿನ ಹೋಗುತ್ತದೆ ಅನ್ನುವ ಅರ್ಥದಲ್ಲಿ ಬಾಯಿ ಮುಚ್ಚಿಸುತ್ತಾನೆ. ಇದು ನಿರ್ದೇಶಕರು ನಮಗೇ ಹೇಳಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕೆಲವರಿಗೆ ಇದು ಜಾರಿಕೊಳ್ಳೋದು ಅನ್ನಿಸಬಹುದು. ನನಗೆ ಪ್ರಾಮಾಣಿಕತೆ ಅನ್ನಿಸಿತು. ಸ್ಟ್ರಾ ಬದಿಗಿಟ್ಟ ಮೇಲೆ ಅಲ್ಲಿ ಉಳಿಯೋದು ಏನು ನೋಡಿ. 25ರ ಹುಡುಗನಿಗೆ ತಾನು ಮುಂದೆ ಏನಾಗುತ್ತೇನೆ ಅನ್ನೋದು ಕಣ್ಣೆದುರೇ ಕೂತಿದೆ, ಅವನಿಗೆ ಅದು ಇಷ್ಟವಿಲ್ಲ. ಮುದುಕನಿಗೆ ತಾನು ಎಂಥ ಸ್ವಾರ್ಥಿಯಾಗಿದ್ದೆ ಅನ್ನೋದು ಎದುರಿಗಿದೆ, ನೋಡೋಕೆ ಅಸಹ್ಯ. ಟೈಮ್ ಮೆಷಿನ್ ಇರೋದೇ ಈ ಟೇಬಲ್ ಹಾಕೋಕೆ. ಯಂತ್ರ ಹೇಗೆ ಓಡುತ್ತೆ ಅಂತ ಕೇಳಿಕೊಂಡು ಈ ಜಗಳ ಕೇಳಿಸಿಕೊಳ್ಳದೆ ಇರೋಕೆ ನನ್ನಿಂದ ಆಗಲ್ಲ.

ದೊಡ್ಡ ದೊಡ್ಡ ಸಿನಿಮಾಗಳೂ ಹೀಗೇ. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಟಿ-ರೆಕ್ಸ್ ಡೈನೋಸಾರ್ ಬೇಲಿ ಮುರಿದು ರಸ್ತೆಗೆ ಕಾಲಿಡುತ್ತದೆ, ಸಮತಟ್ಟು ನೆಲದಿಂದ. ಕೆಲವೇ ನಿಮಿಷದಲ್ಲಿ ಅದೇ ಬೇಲಿಯ ಆಚೆಗೆ ಕಾರನ್ನು ತಳ್ಳಿದರೆ ಅಲ್ಲಿ ಆಳವಾದ ಪ್ರಪಾತ! ನೋಡುವಾಗ ನಿಮಗೆ ಕಂಡಿತ್ತಾ? ನನಗಂತೂ ಇಲ್ಲ. ಅಷ್ಟು ಹೊತ್ತಿಗೆ ಟಿ-ರೆಕ್ಸ್‌ನ ಹೆಜ್ಜೆಗೆ ಲೋಟದ ನೀರು ನಡುಗಿ ನನ್ನ ಎದೆಯನ್ನೂ ನಡುಗಿಸಿತ್ತು. ಆ ನೀರಿನ ಉಂಗುರಗಳನ್ನು ಮಾಡಿದ್ದು ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿ. ಚಿತ್ರತಂಡ ತಲೆ ಕೆಡಿಸಿಕೊಂಡಿದ್ದು ಲೋಟದ ಬಗ್ಗೆ, ಪ್ರಪಾತದ ಬಗ್ಗೆ ಅಲ್ಲ. ಸರಿಯಾಗೇ ಮಾಡಿದರು. 1984ರ ‘ಟರ್ಮಿನೇಟರ್’ನಲ್ಲಿ ಜೀವ ಇರೋದು ಮಾತ್ರ ಕಾಲ ದಾಟಬಲ್ಲದು, ಅದಕ್ಕೇ ಭವಿಷ್ಯದಿಂದ ಬರುವ ಕೊಲೆಗಾರ ಯಂತ್ರಕ್ಕೆ ಮಾಂಸದ ಹೊದಿಕೆ. 1991ರ ಎರಡನೇ ಭಾಗದಲ್ಲಿ ಪೂರ್ತಿ ದ್ರವಲೋಹದ ಆಸಾಮಿಯೇ ದಾಟಿಕೊಂಡು ಬಂದ. ಯಾರೂ ಟಿಕೆಟ್ ವಾಪಸ್ ಕೇಳಲಿಲ್ಲ.

2013ರ ಬಾಹ್ಯಾಕಾಶದ ಸಿನಿಮಾ ‘ಗ್ರಾವಿಟಿ’ ಬಂದಾಗ ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಟ್ವಿಟರ್‌ನಲ್ಲಿ ಅದರ ತಪ್ಪುಗಳ ಸಾಲು ಹಿಡಿದರು. ಹಬಲ್ ದೂರದರ್ಶಕ ಇರೋದು ಸುಮಾರು 540 ಕಿಲೋಮೀಟರ್ ಮೇಲೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400ರಲ್ಲಿ. ಎರಡರ ಕಕ್ಷೆಯ ಓರೆಯೂ ಬೇರೆ. ಸಿನಿಮಾದಲ್ಲಿ ತೋರಿಸಿದ ಹಾಗೆ ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಯಂತ್ರದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗೋದು ಸಾಧ್ಯವಿಲ್ಲ. ಎಲ್ಲ ಹೇಳಿ ಕೊನೆಗೆ ಅವರೇ ಆ ಸಿನಿಮಾ ತಮಗೆ ತುಂಬಾ ಇಷ್ಟವಾಯಿತು ಅಂತಲೂ ಬರೆದರು. ತಪ್ಪು ಗೊತ್ತಿದ್ದೂ ಖುಷಿಪಡೋದು ದಡ್ಡತನ ಅಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪೂರ್ತಿ ಬಿಗಿಯಾದ ಕಥೆ ಬೇಕು ಅನ್ನುವವರಿಗೆ 2004ರ ಟೈಮ್ ಟ್ರಾವೆಲ್ ಸಿನಿಮಾ ‘ಪ್ರೈಮರ್’ ಇದೆ. ಗಣಿತ ಓದಿದ, ಸಾಫ್ಟ್‌ವೇರ್ ಕೆಲಸ ಮಾಡಿದ್ದ ಶೇನ್ ಕರೂತ್ ತೆಗೆದದ್ದು. ಅದನ್ನು ನೋಡಿದವರೆಲ್ಲ ಕಾಗದದ ಮೇಲೆ ಗೆರೆ ಎಳೆದು ಅರ್ಥ ಮಾಡಿಕೊಳ್ಳುತ್ತಾರೆ. ಕಣ್ಣೀರು ಹಾಕಿದವರನ್ನು ನಾನು ಕಂಡಿಲ್ಲ.

ನನ್ನದೂ ಒಂದು ಗೆರೆ ಇದೆ. ಯಂತ್ರದಲ್ಲಿ ತೂತಿದ್ದರೆ ಇರಲಿ. ಮನುಷ್ಯನಲ್ಲಿ ತೂತಿರಬಾರದು. ಜೋ ಇದ್ದಕ್ಕಿದ್ದಂತೆ ಜೋ ಅಲ್ಲದ ಹಾಗೆ ಆಡಿದರೆ ನಾನೂ ಎದ್ದು ಹೋಗುತ್ತೇನೆ. ಅವನು ಹಾಗೆ ಆಡೋದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಕೈಬಿಟ್ಟ ಹುಡುಗ, ದುಡ್ಡಿಗೆ ಕೊಲೆ ಮಾಡಿಕೊಂಡು ಬೆಳೆದವನು, ಕೊನೆಗೆ ಬೇರೆ ಯಾರದೋ ಮಗುವಿಗೆ ಅಮ್ಮ ಉಳಿಯಲಿ ಅಂತ ತನ್ನ ಎದೆಗೇ ಗುಂಡು ಹೊಡೆದುಕೊಳ್ಳುತ್ತಾನೆ. ಅಲ್ಲಿಯ ತನಕ ಎರಡು ಗಂಟೆ ಅವನನ್ನು ಒಂದೊಂದೇ ಹೆಜ್ಜೆ ನಡೆಸಿಕೊಂಡು ಬಂದಿದ್ದಾರೆ. ಅಕ್ಕ ಈಗ ಅದನ್ನೇ ಹಿಡಿದು ಎಳೆಯುತ್ತಾಳೆ, ನೋಡ್ತಾ ಇರಿ.

ವಿರೋಧ: ಅಕ್ಕ ಬರೆದದ್ದು

ಹೌದು, ಅದನ್ನೇ ಎಳೆಯುತ್ತೇನೆ. ಆದರೆ ಮೊದಲು ಒಂದು ಮಾತು. ತಮ್ಮ ನನ್ನ ಬಾಯಿಗೆ ಹಾಕಿದ ತೂತುಗಳೆಲ್ಲ ನನ್ನ ದೊಡ್ಡ ತಕರಾರು ಅಲ್ಲವೇ ಅಲ್ಲ. ಸಮುದ್ರಕ್ಕೆ ಯಾಕೆ ಕಳಿಸಲಿಲ್ಲ, ಬೇರೆ ಲೂಪರ್ ಯಾಕಿಲ್ಲ, ಇವೆಲ್ಲ ಸುಮ್ನೆ ಕಾಲೆಳೆಯೋಕೆ ಕೇಳಿದ್ದು. ಕಥೆ ಶುರುವಾಗಬೇಕಾದರೆ ಏನಾದರೂ ಒಂದನ್ನು ಒಪ್ಪಲೇಬೇಕು.

ಯಕ್ಷಗಾನದಲ್ಲಿ ವೇಷ ರಂಗಸ್ಥಳಕ್ಕೆ ಎರಡು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆ ಮುಟ್ಟಿದ ಹಾಗೆ. ರಥ ಎಲ್ಲಿ, ಕುದುರೆ ಎಲ್ಲಿ ಅಂತ ಯಾರೂ ಕೇಳಲ್ಲ. ಅದು ಮೇಳಕ್ಕೂ ಪ್ರೇಕ್ಷಕರಿಗೂ ಇರುವ ಒಪ್ಪಂದ. ಆದರೆ ಅದೇ ಪ್ರೇಕ್ಷಕರು, ಅರ್ಥಧಾರಿ ಮೊದಲ ಪದ್ಯಕ್ಕೆ ಹೇಳಿದ್ದನ್ನು ಮೂರನೇ ಪದ್ಯದಲ್ಲಿ ತಾನೇ ಮುರಿದರೆ ಬೆಳಗ್ಗೆ ಚಹಾ ಕುಡಿಯುವಾಗ ಬಿಡೋದಿಲ್ಲ. ಒಪ್ಪಂದ ಬೇರೆ, ಒಪ್ಪಂದ ಮುರಿಯೋದು ಬೇರೆ. ತಮ್ಮ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ‘ತೂತು’ ಅಂತ ಹೆಸರಿಟ್ಟ. ಟಿ-ರೆಕ್ಸ್‌ನ ಪ್ರಪಾತ ಬರೀ ಸೆಟ್ಟಿನ ಎಡವಟ್ಟು. ಅದು ಇದ್ದರೂ ಇಲ್ಲದಿದ್ದರೂ ಕಥೆ ಅದೇ. ಅಂಥದ್ದಕ್ಕೆ ನಾನು ರಿಮೋಟ್ ಮುಟ್ಟಲ್ಲ.

ನನ್ನ ತಕರಾರು ‘ಲೂಪರ್’ನ ಕೊನೆಯ ಎರಡು ನಿಮಿಷದ್ದು. ಅದನ್ನು ಹೇಳಬೇಕಾದರೆ ತಮ್ಮ ಬೇಕಂತಲೇ ಬಿಟ್ಟ ಅರ್ಧ ಕಥೆ ಹೇಳಬೇಕು.

ಭವಿಷ್ಯದಲ್ಲಿ ರೇನ್‌ಮೇಕರ್ ಅನ್ನುವ ಭಯಂಕರ ರೌಡಿ ಬಂದಿದ್ದಾನೆ. ಎಲ್ಲ ಲೂಪರ್‌ಗಳ ಲೆಕ್ಕ ಮುಗಿಸುತ್ತಿರುವವನು ಅವನೇ. ಅವನ ಕಣ್ಣೆದುರೇ ಅವನ ಅಮ್ಮನನ್ನು ಯಾರೋ ಕೊಂದರಂತೆ, ಅವನಿಗೆ ಕೃತಕ ದವಡೆಯಂತೆ, ಹೀಗೆಲ್ಲ ಸುದ್ದಿ. ಮುದುಕ ಜೋನ ಹೆಂಡತಿ ಸತ್ತದ್ದು ಅವನ ಜನರಿಂದ. ಹಾಗಾಗಿ ಮುದುಕ ಹಿಂದಕ್ಕೆ ಬಂದಿರೋದೇ ಆ ರೇನ್‌ಮೇಕರ್‌ನನ್ನು ಮಗುವಾಗಿರುವಾಗಲೇ ಕೊಂದುಹಾಕೋಕೆ. ಆ ಮಗು ಸಿಡ್. ಕಬ್ಬಿನ ಗದ್ದೆ ನಡುವಿನ ಮನೆಯಲ್ಲಿ ಅಮ್ಮ ಸಾರಾ ಜೊತೆ ಇದ್ದಾನೆ. ವಸ್ತುಗಳನ್ನು ಮನಸ್ಸಿನಿಂದಲೇ ಎತ್ತುವ ಶಕ್ತಿ ಆ ಮಗುವಿಗೆ ಮಿತಿ ಮೀರಿ ಇದೆ. ಕೊನೆಗೆ ಮುದುಕನ ಗುಂಡು ಸಿಡ್‌ನ ದವಡೆ ಸವರಿಕೊಂಡು ಹೋಗುತ್ತದೆ. ಅಮ್ಮ ಅಡ್ಡ ನಿಲ್ಲುತ್ತಾಳೆ. ಹುಡುಗ ಜೋಗೆ ಆಗ ಹೊಳೆಯುತ್ತದೆ: ಇವನು ಈ ತಾಯಿಯನ್ನು ಕೊಲ್ಲುತ್ತಾನೆ, ಮಗು ದ್ವೇಷ ತುಂಬಿಕೊಂಡು ರೇನ್‌ಮೇಕರ್ ಆಗುತ್ತದೆ, ಇದೊಂದು ಸುತ್ತು. ಸುತ್ತು ಮುರಿಯೋಕೆ ತಾನೇ ಸಾಯುತ್ತಾನೆ. ಮುದುಕ ಮಾಯವಾಗುತ್ತಾನೆ.

ಕೇಳೋಕೆ ಎಷ್ಟು ಚೆಂದ ಅಲ್ವಾ? ಆದರೆ ಇದೇ ಸಿನಿಮಾ ನಡುವಿನಲ್ಲಿ ನಮಗೆ ಇನ್ನೊಂದು ಬದುಕನ್ನು ತೋರಿಸಿದೆ. ಅದರಲ್ಲಿ ಜೋ ತನ್ನ ಮುದುಕ ರೂಪವನ್ನು ಹೊಲದಲ್ಲೇ, ಬಂದ ಕ್ಷಣವೇ ಕೊಂದಿದ್ದಾನೆ. ಯಾರೂ ತಪ್ಪಿಸಿಕೊಂಡಿಲ್ಲ. ಚಿನ್ನ ತಗೊಂಡು ಶಾಂಘೈಗೆ ಹೋಗಿದ್ದಾನೆ, 30 ವರ್ಷ ಬದುಕಿದ್ದಾನೆ, ಮದುವೆಯಾಗಿದ್ದಾನೆ. ಆ ಬದುಕಿನಲ್ಲಿ ಸಾರಾಳ ಗದ್ದೆಗೆ ಯಾವ ಮುದುಕ ಜೋನೂ ಬಂದಿಲ್ಲ, ಅವಳ ಮೇಲೆ ಬಂದೂಕು ಎತ್ತಿಲ್ಲ. ಆದರೂ ರೇನ್‌ಮೇಕರ್ ಹುಟ್ಟಿಕೊಂಡಿದ್ದಾನೆ! ಹಾಗಾದರೆ ಅವನನ್ನು ಮಾಡಿದವರು ಯಾರು?

ಅಂದರೆ ಜೋ ಕಂಡ ಸುತ್ತು ಸುತ್ತೇ ಅಲ್ಲ. ಮುದುಕ ಬಾರದಿದ್ದರೂ ಆ ಮಗು ಹಾಗೇ ಆಗಿದೆ ಅಂತ ಸಿನಿಮಾವೇ ತೋರಿಸಿದೆ. ಜೋ ಸತ್ತದ್ದು ತಪ್ಪು ಲೆಕ್ಕಕ್ಕೆ. ಈಗ ಅಭಿಮಾನಿಗಳು ಬರುತ್ತಾರೆ. ಮೊದಲ ಬದುಕಿನಲ್ಲಿ ಸಾರಾ ಬೇರೆ ಯಾವುದೋ ರೀತಿ ಸತ್ತಿರಬಹುದು ಅಂತಾರೆ. ಇರಬಹುದಪ್ಪ. ಹಾಗಿದ್ದರೆ ಈ ಸಲವೂ ಬೇರೆ ರೀತಿಯಲ್ಲಿ ಸಾಯಬಹುದು, ಜೋ ಉಳಿಸಿದ್ದು ಏನನ್ನು? ಸಿಡ್ ಈ ಸಲ ಒಳ್ಳೆಯವನಾಗಿ ಬೆಳೆಯಬಹುದು ಅನ್ನುವ ಆಸೆ ಸಿನಿಮಾದಲ್ಲಿದೆ, ಒಪ್ಪುತ್ತೇನೆ. ಆದರೆ ಜೋನ ಬಾಯಲ್ಲಿ ಹೇಳಿಸಿದ್ದು ಆಸೆಯಲ್ಲ, ಖಾತ್ರಿ.

ತಮ್ಮ ಹಾಕಿದ ಗೆರೆ ನೆನಪಿದೆ ತಾನೇ? ಯಂತ್ರದಲ್ಲಿ ತೂತಿದ್ದರೆ ಇರಲಿ, ಮನುಷ್ಯನಲ್ಲಿ ಬೇಡ. ಈ ತೂತು ಇರೋದು ಮನುಷ್ಯ ಯಾಕೆ ಸತ್ತ ಅನ್ನುವ ಕಾರಣದೊಳಗೆ. ಅವನ ಗೆರೆಯ ಮೇಲೇ ಅವನು ಎಡವಿದ್ದಾನೆ.

‘ಗ್ರಾವಿಟಿ’ಯಲ್ಲೂ ಇದೇ ಕಥೆ. ಕಕ್ಷೆಗಳ ಲೆಕ್ಕ ನನಗೂ ಬೇಡ. ನೋಡುವಾಗ ಯಾರಿಗೆ 540, ಯಾರಿಗೆ 400? ಆದರೆ ಟೈಸನ್ ಎತ್ತಿದ ಇನ್ನೊಂದು ಮಾತನ್ನು ತಮ್ಮ ನುಂಗಿಬಿಟ್ಟ. ಗಗನಯಾತ್ರಿಯಾಗಿರುವ ಸಾಂಡ್ರಾ ಬುಲಕ್‌ಳ ಕಾಲು ಪ್ಯಾರಾಶೂಟ್ ಹಗ್ಗಕ್ಕೆ ಸಿಕ್ಕಿಕೊಂಡಿದೆ. ಜೊತೆಗಾರ ಜಾರ್ಜ್ ಕ್ಲೂನಿ ಅವಳ ಕೈಯಲ್ಲಿರುವ ಪಟ್ಟಿಯ ತುದಿಯಲ್ಲಿದ್ದಾನೆ. ಇಬ್ಬರೂ ನಿಂತಿದ್ದಾರೆ. ಅಲ್ಲಿ ಗಾಳಿ ಇಲ್ಲ, ಇಳಿಜಾರಿಲ್ಲ, ಅವನನ್ನು ಆಚೆಗೆ ಎಳೆಯುವ ಯಾವುದೂ ಇಲ್ಲ. ಅವಳು ಮೆಲ್ಲಗೆ ಒಮ್ಮೆ ಜಗ್ಗಿದ್ದರೆ ತೇಲಿಕೊಂಡು ಬರುತ್ತಿದ್ದ. ಆದರೆ ಯಾರೋ ಕಾಣದ ಕೈ ಎಳೆಯುತ್ತಿರುವ ಹಾಗೆ ಮಾಡಿ, ಅವನಿಂದಲೇ ಕೊಕ್ಕೆ ಬಿಡಿಸಿ, ನಮ್ಮ ಕಣ್ಣು ತೇವ ಮಾಡಿಸಿದರು. ತ್ಯಾಗ ಬೇಕಿತ್ತು, ಅದಕ್ಕೆ ಇಲ್ಲದ ಸೆಳೆತ ತಂದರು. ‘ಸೈನ್ಸ್ ಫಿಕ್ಷನ್’ ಅಂತ ‘ಸೈನ್ಸ್’ ಹೆಸರಲ್ಲೇ ಇರುವ ಜಾತಿಯ ಸಿನಿಮಾ ಇದು. ಮಾಯಾಜಾಲದ ಕಥೆಯಾಗಿದ್ದರೆ ಮಂತ್ರ ಹಾಕಿದರು ಅಂತ ಸುಮ್ಮನಾಗಬಹುದಿತ್ತು.

‘ತಲೆ ಮನೆಯಲ್ಲಿಟ್ಟು ಬನ್ನಿ, ಲಾಜಿಕ್ ಕೇಳಬೇಡಿ’ ಅನ್ನೋದು ನಮ್ಮ ಕಡೆ ಮಾಮೂಲಿ ಮಾತಾಗಿದೆ. ಈ ಮಾತಿನ ಲಾಭ ಆಗೋದು ಪ್ರೇಕ್ಷಕರಿಗಲ್ಲ, ಸ್ಕ್ರಿಪ್ಟ್ ಇನ್ನೊಂದು ಸಲ ತಿದ್ದೋಕೆ ಬೇಜಾರು ಮಾಡಿಕೊಂಡವರಿಗೆ. ತರ್ಕಕ್ಕೆ ದುಡ್ಡು ಬೇಕಿಲ್ಲ. ತಮ್ಮ ತಮಾಷೆ ಮಾಡಿದ ‘ಪ್ರೈಮರ್’ಗೆ ಆದ ಖರ್ಚು ಸುಮಾರು 7,000 ಡಾಲರ್. ಅದು ಆ ವರ್ಷ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನವನ್ನೇ ಗೆದ್ದಿತು. ಅದು ತಣ್ಣಗಿದೆ ಅನ್ನೋದನ್ನು ಒಪ್ಪುತ್ತೇನೆ, ನನಗೂ ಎರಡನೇ ಸಲ ನೋಡುವ ಆಸೆ ಆಗಲಿಲ್ಲ.

ಆದರೆ ಬಿಗಿಯಾದ ಕಥೆಗೆ ಕಣ್ಣೀರು ಬರಲ್ಲ ಅಂದನಲ್ಲ, ಅವನಿಗೆ 1995ರ ‘ಟ್ವೆಲ್ವ್ ಮಂಕೀಸ್’ ತೋರಿಸಬೇಕು. ಅದರಲ್ಲೂ ಇದೇ ಬ್ರೂಸ್ ವಿಲ್ಲಿಸ್, ಅದೂ ಭವಿಷ್ಯದಿಂದ ಹಿಂದಕ್ಕೆ ಬಂದವನ ಕಥೆ. ಚಿಕ್ಕಂದಿನಲ್ಲಿ ವಿಮಾನ ನಿಲ್ದಾಣದಲ್ಲಿ ಯಾರೋ ಗುಂಡೇಟು ತಿಂದು ಬಿದ್ದದ್ದು ಅವನಿಗೆ ಕನಸಿನಲ್ಲಿ ಬರುತ್ತಲೇ ಇರುತ್ತದೆ. ಕೊನೆಗೆ ಬೀಳುವವನು ಅವನೇ. ನೋಡುತ್ತಾ ನಿಂತ ಪುಟ್ಟ ಹುಡುಗನೂ ಅವನೇ. ಅಲ್ಲಿ ಯಾವುದೂ ಬದಲಾಗಲ್ಲ, ಬದಲಾಗೋದು ಸಾಧ್ಯವೂ ಇಲ್ಲ. ದುಃಖ ಬರೋದೇ ಆ ಬಿಗಿಯಿಂದ. ಎಲ್ಲಾದರೂ ಒಂದು ಗಂಟು ಸಡಿಲವಾಗಿದ್ದರೆ ‘ಅಯ್ಯೋ, ಹೀಗೆ ಮಾಡಬಹುದಿತ್ತಲ್ಲ’ ಅಂದುಕೊಂಡು ಎದ್ದು ಬರುತ್ತಿದ್ದೆವು. ಆ ಮಾತು ನಮ್ಮ ಬಾಯಿಗೆ ಬರದ ಹಾಗೆ ಕಥೆ ಕಟ್ಟಿದ್ದಾರೆ.

‘ಲೂಪರ್’ ನೋಡಿ ಎದ್ದಾಗ ನನ್ನ ಬಾಯಿಗೆ ಬಂದದ್ದು ಅದೇ ಮಾತು. ಸೇತ್‌ನ ದೃಶ್ಯ ಅದ್ಭುತ ಅನ್ನೋದರಲ್ಲಿ ನನಗೂ ತಮ್ಮನಿಗೂ ಜಗಳ ಇಲ್ಲ. ಅಲ್ಲಿ ಪಾಠ, ಕ್ಲೈಮ್ಯಾಕ್ಸ್‌ನಲ್ಲಿ ಪರೀಕ್ಷೆ ಅಂದ. ಸರಿ, ಪಾಠ ಕೇಳಿಸಿಕೊಂಡಿದ್ದೇನೆ. ಹುಡುಗನ ಬೆರಳು ಕತ್ತರಿಸಿದರೆ ಮುದುಕನ ಬೆರಳು ಹೋಗುತ್ತದೆ. ಕಾಲು ಕತ್ತರಿಸಿದರೆ ಕಾಲು. ಹಾಗಾದರೆ ಜೋ ಎದೆಗೆ ಯಾಕೆ ಹೊಡೆದುಕೊಂಡ? ಕೈಗೆ ಹೊಡೆದುಕೊಂಡಿದ್ದರೆ ಸಾಕಾಗಿತ್ತು. ಮುದುಕನ ಕೈಯೂ ಹೋಗುತ್ತಿತ್ತು, ಪಿಸ್ತೂಲು ನೆಲಕ್ಕೆ ಬೀಳುತ್ತಿತ್ತು. ಇನ್ನೊಂದು ಕೈಯಲ್ಲಿ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಸಾರಾಳೂ ಗದ್ದೆಯೊಳಗೆ ಓಡಬಹುದಿತ್ತು. ಜೋಗೆ ಈ ನಿಯಮ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ತಾನು ಸತ್ತರೆ ಮುದುಕ ಮಾಯ ಅನ್ನೋದನ್ನು ಲೆಕ್ಕ ಹಾಕಿಯೇ ತಾನೇ ಬಂದೂಕು ತಿರುಗಿಸಿಕೊಂಡದ್ದು?

ಇದನ್ನು ಹೇಳಿದಾಗ ತಮ್ಮ, ‘ಅಕ್ಕ, ಅಷ್ಟೆಲ್ಲ ಯೋಚಿಸ್ತಾ ಕೂತರೆ ಅಷ್ಟರಲ್ಲಿ ಸಾರಾ ಸತ್ತೇ ಹೋಗ್ತಾಳೆ’ ಅಂದ. ಆದರೆ ಆ ಗಳಿಗೆಯಲ್ಲಿ ತಾಯಿ, ಮಗ, ದ್ವೇಷ, ಸುತ್ತು ಅಂತ ಅಷ್ಟುದ್ದದ ಮಾತು ಮನಸ್ಸಿನಲ್ಲೇ ಆಡಿಕೊಳ್ಳೋಕೆ ಜೋಗೆ ಪುರುಸೊತ್ತು ಇತ್ತಲ್ಲ ಕಣೋ. ಅದರಲ್ಲಿ ಕಾಲು ಭಾಗ ಸಾಕಿತ್ತು, ಕೈ ನೆನಪಾಗೋಕೆ.